ಹಿಂದಿನ ಬೆಂಚು ಖಾಲಿ ಇದ್ದ ಬಿ.ಎಡ್.

ದುಡ್ಡು ಕಟ್ಟಿ ಮನೆಯಲ್ಲೇ ಕೂತು ತೆಗೆದುಕೊಳ್ಳುವ ಡಿಗ್ರಿಗಳಿಂದ ಏನಾದರೂ ಪ್ರಯೋಜನ ಇದೆಯಾ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗುವುದಿಲ್ಲ. ಕೊಟ್ಟರೆ ಅದು ಬೈಗುಳವಾಗುತ್ತದೆ, ಪಾಠ ಹೇಳುವವರ ಬಾಯಲ್ಲಿ ಅದು ಚೆನ್ನಾಗಿ ಕೇಳುವುದಿಲ್ಲ. ಮನೆಯಲ್ಲೇ ಕೂತು ಪಡೆದ ಎರಡು ಡಿಗ್ರಿ ನನ್ನ ಹತ್ತಿರ ಇವೆ. ಒಂದನ್ನು ಯಾರು ಕೇಳಿದರೂ ತೋರಿಸುತ್ತೇನೆ. ಇನ್ನೊಂದರ ಮಾತೆತ್ತಿದರೆ ಇಷ್ಟು ವರ್ಷವಾದ ಮೇಲೂ ಮೈಯೆಲ್ಲ ಉರಿಯುತ್ತದೆ.

ಪಿಯುಸಿ ಮುಗಿಯುತ್ತಿದ್ದ ಹಾಗೆ ನನ್ನನ್ನು ಭದ್ರಾವತಿಗೆ ಕೊಟ್ಟರು. ಯಜಮಾನರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ವಾಸಕ್ಕೆ ಕ್ವಾರ್ಟರ್ಸು. ಪಕ್ಕದ ಮನೆಯವರು ತಮಿಳರು, ಎದುರಿನವರು ತೆಲುಗರು. ಒಣಗಿಹಾಕಿದ ಬಿಳಿ ಬಟ್ಟೆ ಸಂಜೆ ಹೊತ್ತಿಗೆ ಕೆಂಪಗೆ ಮಾಸಿರುತ್ತಿತ್ತು. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಜಗಲಿಯ ಮೇಲೆ ಬಂದು ಕೂತರೆಂದರೆ ಬೀದಿಯಲ್ಲಿ ಹೋಗುವ ಒಬ್ಬರೂ ಅವರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಯಾವ ಊರು, ಯಾರ ಮಗ, ಚೀಲದಲ್ಲಿ ಏನು, ಎಷ್ಟಕ್ಕೆ ತಂದೆ. ತಮಿಳರನ್ನೂ ತೆಲುಗರನ್ನೂ ಅವರು ಕನ್ನಡದಲ್ಲೇ ಕೇಳುತ್ತಿದ್ದರು, ಎಲ್ಲರೂ ಉತ್ತರ ಕೊಟ್ಟೇ ಮುಂದೆ ಹೋಗುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ನಾನು ಬಿ.ಎ. ಓದುತ್ತೇನೆ ಎಂದಾಗ ಯಜಮಾನರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅತ್ತೆ ಮಾತ್ರ ಒಂದೇ ಪ್ರಶ್ನೆ ಕೇಳಿದರು, ಓದೋದು ಜೋರಾಗಿ ಓದ್ತೀಯೋ ಮನಸ್ಸಲ್ಲೇ ಓದ್ತೀಯೋ ಎಂದು. ಜೋರಾಗಿ ಓದುತ್ತೇನೆ ಎಂದೆ. ಹಾಗಾದರೆ ಓದು ಎಂದರು. ಆಗ ಅದಕ್ಕೆ ಅಂಚೆ ತೆರಪಿನ ಶಿಕ್ಷಣ ಎನ್ನುತ್ತಿದ್ದರು. ಪೋಸ್ಟಿನಲ್ಲಿ ಪಾಠಗಳು ಬರುತ್ತಿದ್ದವು, ಒರಟು ಕಾಗದ, ಮಸುಕು ಅಚ್ಚು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುವಾಗ ನಾನು ಹೊಯ್ಸಳರನ್ನೂ ವಿಜಯನಗರದವರನ್ನೂ ಜೋರಾಗಿ ಓದುತ್ತಿದ್ದೆ. ಅವರು ನಡುವೆ ತಡೆದು, ಆ ರಾಜ ಅಷ್ಟು ದಿನ ಯುದ್ಧಕ್ಕೆ ಹೋಗಿದ್ದನಲ್ಲ, ಕಂದಾಯ ಯಾರು ವಸೂಲು ಮಾಡ್ತಿದ್ದರು ಎಂದು ಕೇಳುತ್ತಿದ್ದರು. ಪಾಠದಲ್ಲಿ ಅದಕ್ಕೆ ಉತ್ತರ ಇರುತ್ತಿರಲಿಲ್ಲ. ನಾನು ಲೈಬ್ರರಿಗೆ ಹೋಗಿ ಹುಡುಕುತ್ತಿದ್ದೆ.

ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದೆ. ಅತ್ತು, ಎರಡು ದಿನ ಮುಖ ಊದಿಸಿಕೊಂಡಿದ್ದು, ಮತ್ತೆ ಕಟ್ಟಿ ಪಾಸು ಮಾಡಿದೆ. ಆಮೇಲೆ ಯೋಚಿಸಿದಾಗ ನನಗೆ ಅನ್ನಿಸಿದ್ದು ಇದು: ನನ್ನನ್ನು ಫೇಲು ಮಾಡುವವರು ಆ ಕಡೆ ಯಾರೋ ಇದ್ದರು, ನಾನು ಬರೆದದ್ದನ್ನು ಅವರು ಓದಿದ್ದರು. ಆ ಡಿಗ್ರಿಯ ಮರ್ಯಾದೆ ಇರುವುದೇ ಅಲ್ಲಿ. ಮನೆಯಲ್ಲಿ ಕೂತು ಓದಿದ್ದಕ್ಕೆ ಅದೇನೂ ಅರ್ಧ ಬೆಂದ ಅನ್ನವಲ್ಲ.

ಬಿ.ಎ. ಆದ ಮೇಲೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಲು ಸೇರಿಕೊಂಡೆ. ಸಂಬಳ ಎನ್ನುವುದು ಹೆಸರಿಗೆ. ಆದರೆ ಹೆಡ್ ಮಾಸ್ಟರು ನನಗೆ ಹತ್ತನೇ ಕ್ಲಾಸು ಕೊಟ್ಟರು. ಕಾರ್ಖಾನೆ ಊರಿನ ಮಕ್ಕಳು; ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು. ಹಳಗನ್ನಡದ ಪದ್ಯ ಎಂದರೆ ಅರ್ಧ ಕ್ಲಾಸು ತಲೆ ಬಗ್ಗಿಸುತ್ತಿತ್ತು. ಅದೇ ಮಕ್ಕಳು ದಸರಾ ರಜೆ ಮುಗಿಯುವ ಹೊತ್ತಿಗೆ ಪದ್ಯವನ್ನು ಬಿಡಿಸಿ ಅರ್ಥ ಹೇಳುವುದನ್ನು ಕಂಡಾಗ ನನಗೆ ಆಗುತ್ತಿದ್ದ ಸಂತೋಷಕ್ಕೆ ಸಮನಾದದ್ದು ಜೀವನದಲ್ಲಿ ಬೇರೆ ಇಲ್ಲ. ಮದುವೆಯ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ, ಯಜಮಾನರು ಇದನ್ನು ಓದಿದರೆ ಓದಲಿ.

ಹೀಗಿರುವಾಗ ಒಂದು ದಿನ ಹೆಡ್ ಮಾಸ್ಟರು ಕರೆದು, ಕನ್ನಡದ ಹುದ್ದೆ ಸರ್ಕಾರದ ಅನುದಾನಕ್ಕೆ ಸೇರುವ ಹಾಗಿದೆ ಎಂದರು. ಖಾಯಂ ಆಗುತ್ತದೆ, ಆದರೆ ಬಿ.ಎಡ್. ಬೇಕು. ಇಲ್ಲದಿದ್ದರೆ ಬಿ.ಎಡ್. ಇರುವವರು ಯಾರಾದರೂ ಬರುತ್ತಾರೆ, ಹತ್ತನೇ ಕ್ಲಾಸು ಅವರಿಗೆ ಹೋಗುತ್ತದೆ. ರೆಗ್ಯುಲರ್ ಬಿ.ಎಡ್. ಎಂದರೆ ವರ್ಷಪೂರ್ತಿ ಹಗಲು ಶಿವಮೊಗ್ಗದಲ್ಲಿ ಇರಬೇಕು. ಶಾಲೆ ಬಿಟ್ಟು ಹೋದರೆ ಹುದ್ದೆ ಕಾಯುವುದಿಲ್ಲ, ಹೋಗದಿದ್ದರೆ ಹುದ್ದೆ ಸಿಗುವುದಿಲ್ಲ. ಇಂಥ ಇಕ್ಕಟ್ಟಿನಲ್ಲಿರುವ ಹೆಂಗಸರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆಂದು ಸರ್ಕಾರಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರಿದ್ದರು.

ಅವರು ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಟಡಿ ಸೆಂಟರ್ ತೆರೆದಿದ್ದರು. ಹೊರರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಬಿ.ಎಡ್., ಭಾನುವಾರ ಮಾತ್ರ ಕ್ಲಾಸು, ಕೆಲಸ ಬಿಡಬೇಕಾಗಿಲ್ಲ. ಅವರನ್ನು ಎಲ್ಲರೂ ಡೈರೆಕ್ಟರ್ ಸಾರ್ ಎನ್ನುತ್ತಿದ್ದರು. ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಮಾತಿಗೊಮ್ಮೆ ತಾಯಿ ಎನ್ನುವ ಬಾಯಿ. ಹೆಂಗಸರು ಓದಬೇಕು ತಾಯಿ, ಅದಕ್ಕೇ ಇದನ್ನು ಮಾಡಿದ್ದು ಎಂದರು. ನಾನು ನಂಬಿದೆ. ಒಂದು ಸಲ ಅಂಚೆಯಲ್ಲಿ ಓದಿ ಒಳ್ಳೆಯದಾಗಿತ್ತಲ್ಲ, ಎರಡನೆಯದೂ ಹಾಗೇ ಇರುತ್ತದೆ ಎಂದುಕೊಂಡೆ. ಫೀಸು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಮತ್ತೆ ಸಿಟ್ಟು ಬರುತ್ತದೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು, ಅಕ್ಕಿರೊಟ್ಟಿ ಡಬ್ಬಿಗೆ ಹಾಕಿಕೊಂಡು, ಶಿವಮೊಗ್ಗದ ಬಸ್ಸು ಹತ್ತುತ್ತಿದ್ದೆ. ವಿದ್ಯಾನಗರ ದಾಟಿ ತುಂಗೆಯ ಸೇತುವೆ ಬರುವ ಹೊತ್ತಿಗೆ ಪುಸ್ತಕ ತೆಗೆದು ಒಮ್ಮೆ ಕಣ್ಣಾಡಿಸುತ್ತಿದ್ದೆ, ಯಾರಾದರೂ ಪ್ರಶ್ನೆ ಕೇಳಿದರೆ ಎಂದು. ಯಾರೂ ಕೇಳಲಿಲ್ಲ. ಮಹಡಿಯ ಮೇಲೆ ಮಡಚುವ ಕುರ್ಚಿಗಳು, ಒಂದು ಕಪ್ಪು ಹಲಗೆ, ಅದರ ಮೇಲೆ ಯಾವತ್ತೋ ಬರೆದ ಸುಸ್ವಾಗತ. ಪಾಠ ಮಾಡಬೇಕಾದವರು ಅರ್ಧಕ್ಕರ್ಧ ಭಾನುವಾರ ಬರುತ್ತಲೇ ಇರಲಿಲ್ಲ, ಬಂದ ದಿನ ಹಾಜರಿ ಹಾಕಿ, ಗೈಡಿನ ಯಾವ ಯಾವ ಪುಟ ಮುಖ್ಯ ಎಂದು ಹೇಳಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಹೊರಡುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಕೊಡಪಾನಕ್ಕೆ ಹೆಸರು ಕೆತ್ತುವ ಸದ್ದು ಮಾತ್ರ ಇಡೀ ದಿನ ಬಿಡುವಿಲ್ಲದೆ ಬರುತ್ತಿತ್ತು. ಆ ಕಟ್ಟಡದಲ್ಲಿ ಕೆಲಸ ಅಂತ ನಡೆಯುತ್ತಿದ್ದದ್ದು ಅದೊಂದೇ.

ಬಿ.ಎಡ್. ಎಂದರೆ ಏನೆಂದು ನನಗೆ ಸ್ವಲ್ಪ ಗೊತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಶಿವಮೊಗ್ಗದ ಬಿ.ಎಡ್. ಕಾಲೇಜಿನವರು ನಮ್ಮ ಶಾಲೆಗೆ ಅಭ್ಯಾಸ ಪಾಠಕ್ಕೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಸುರುಳಿ ಸುತ್ತಿದ ಚಾರ್ಟು ಹಿಡಿದು, ಬೆವರುತ್ತಾ ಬಂದು ನಿಲ್ಲುತ್ತಿದ್ದರು. ಅವರ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ನಮ್ಮ ಜೊತೆ ಕೂತು ಅವರು ಪಾಠ ಮಾಡುವುದನ್ನೇ ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಹೊರಗೆ ಮರದ ಕೆಳಗೆ ನಿಲ್ಲಿಸಿ, ನೀವು ಹೀಗೆ ಮಾಡಿದಿರಿ, ಹಾಗೆ ಮಾಡಬೇಕಿತ್ತು ಎಂದು ಹೇಳುತ್ತಿದ್ದರು. ಕೆಲವರು ಅಲ್ಲೇ ಅಳುತ್ತಿದ್ದರು. ಮಕ್ಕಳಾದ ನಮಗೆ ಅದು ಮಜಾ. ಆದರೆ ಅದೇ ಬಿ.ಎಡ್., ಉಳಿದದ್ದೆಲ್ಲ ಪುಸ್ತಕ.

ನಮ್ಮ ಅಭ್ಯಾಸ ಪಾಠ ಯಾವಾಗ ಎಂದು ನಾನು ಡೈರೆಕ್ಟರನ್ನು ಕೇಳಿದೆ. ಅವರು ನಕ್ಕರು. ನೀವು ಹೇಗೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದೀರಲ್ಲ ತಾಯಿ, ನಿಮ್ಮ ಹೆಡ್ ಮಾಸ್ಟರ ಹತ್ತಿರ ಸೀಲು ಹಾಕಿಸಿಕೊಂಡು ಬನ್ನಿ ಸಾಕು ಎಂದರು. ನೋಡುವವರು ಯಾರು ಎಂದೆ. ಪಕ್ಕದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ, ಈ ಹೆಂಗಸಿಗೆ ಏನಾಗಿದೆ ಎನ್ನುವಂತೆ ನೋಡಿದರು. ಅವರನ್ನು ಬೈಯುವುದಿಲ್ಲ, ಅವರಿಗೂ ಬೇಕಾಗಿದ್ದದ್ದು ಕೆಲಸ ಉಳಿಸಿಕೊಳ್ಳುವ ದಾರಿ.

ಮನೆಗೆ ಬಂದು ಅತ್ತೆಯ ಮುಂದೆ ರೇಗಾಡಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡು, "ಹಿಂದೆ ಕೂತು ನೋಡೋರು ಬೇಕು ತಾನೇ? ನಾನೇ ಬರ್ತೀನಿ ಬಿಡು" ಎಂದರು.

ತಮಾಷೆಗೆ ಅಂದರು ಎಂದುಕೊಂಡಿದ್ದೆ. ಮಾರನೇ ದಿನ ಮಧ್ಯಾಹ್ನ ಇಳಕಲ್ ಸೀರೆ ಉಟ್ಟು, ಕೊಡೆ ಹಿಡಿದು ಶಾಲೆಗೆ ಬಂದೇಬಿಟ್ಟರು. ಅತ್ತೆ ಏನು ಹೇಳಿದರೋ, ಹೆಡ್ ಮಾಸ್ಟರು ನಗು ತಡೆದುಕೊಂಡು ಹತ್ತನೇ ಕ್ಲಾಸಿನ ಬಾಗಿಲು ತೋರಿಸಿದರು. ಅತ್ತೆ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಒಂದು ಪದ್ಯ ಪಾಠ ಮಾಡಿದೆ. ಮನೆಗೆ ಬರುವ ದಾರಿಯಲ್ಲಿ ಅವರು ಹೇಳಿದ್ದು ಇಷ್ಟು: "ಚೆನ್ನಾಗಿ ಹೇಳ್ತೀಯ. ಆದ್ರೆ ಮಾರಾಯ್ತಿ, ನೀನು ಕಿಟಕಿ ಕಡೆ ಮಕ್ಕಳ ಮುಖ ನೋಡ್ಕೊಂಡೇ ಹೇಳ್ತೀಯ. ಗೋಡೆ ಕಡೆ ಕೂತಿರೋವೂ ಮಕ್ಕಳೇ ಅಲ್ವಾ?"

ನಿಜವಾಗಿತ್ತು. ಬೆಳಕಿನ ಕಡೆ ತಿರುಗುವುದು ನನಗೆ ಗೊತ್ತಿಲ್ಲದ ಹಾಗೆ ಅಭ್ಯಾಸವಾಗಿಬಿಟ್ಟಿತ್ತು. ಅವತ್ತಿನಿಂದ ತಿದ್ದಿಕೊಂಡೆ. ಇಡೀ ಬಿ.ಎಡ್.ನಲ್ಲಿ ನನ್ನ ಪಾಠದ ಬಗ್ಗೆ ಯಾರಾದರೂ ಹೇಳಿದ ಮಾತು ಎಂದರೆ ಇದೊಂದೇ, ಅದನ್ನೂ ಹೇಳಿದವರಿಗೆ ಫೀಸು ಸೇರಿರಲಿಲ್ಲ.

ಪರೀಕ್ಷೆಯ ಬಗ್ಗೆ ಬರೆಯಲು ನಾಚಿಕೆ. ಒಂದು ಕಲ್ಯಾಣ ಮಂಟಪದಲ್ಲಿ ಸಾಲಾಗಿ ಕೂರಿಸಿದ್ದರು. ಗೈಡುಗಳು ಮಡಿಲಲ್ಲಿ ಅಲ್ಲ, ಮೇಜಿನ ಮೇಲೇ ಇದ್ದವು. ನಾನು ಓದಿಕೊಂಡು ಹೋದದ್ದನ್ನು ಬರೆದೆ, ಪಕ್ಕದವರು ನೋಡಿಕೊಂಡು ಬರೆದರು. ಫಲಿತಾಂಶ ಬಂದಾಗ ಎಲ್ಲರಿಗೂ ಫಸ್ಟ್ ಕ್ಲಾಸು. ಫೇಲಾದವರು ಒಬ್ಬರೂ ಇಲ್ಲ ಎಂದಾಗಲೇ, ಬರೆದದ್ದನ್ನು ಯಾರೂ ಓದಿಲ್ಲ ಎಂದುಕೊಂಡೆ. ಆದರೂ ಸೆಂಟರಿನವರು ಬಾಡಿಗೆಯ ಕಪ್ಪು ಗೌನು ಹಾಕಿಸಿ, ತಲೆಗೆ ಟೋಪಿ ಇಟ್ಟು, ಸ್ಟುಡಿಯೋದವರಿಂದ ಫೋಟೋ ತೆಗೆಸುವಾಗ ನಾನೂ ನಕ್ಕೆ. ಯಾರಿಗೆ ಆಸೆ ಇರುವುದಿಲ್ಲ?

ಅತ್ತೆ ಬೋರ್ಡು ಬರೆಯುವವನನ್ನು ಕರೆಸಿದರು. ನಮ್ಮ ಗೇಟಿಗೆ ಯಜಮಾನರ ಹೆಸರಿನ ಪುಟ್ಟ ತಗಡಿನ ಬೋರ್ಡು ಇತ್ತು. ಅದರ ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎ., ಬಿ.ಎಡ್. ಎಂದು ಬರೆಸಿದರು. ನಮ್ಮ ಕಡೆ ಮದುವೆ ಕಾಗದದಲ್ಲೂ ಗೇಟಿನ ಬೋರ್ಡಿನಲ್ಲೂ ಡಿಗ್ರಿ ಇಲ್ಲದ ಹೆಸರು ಒಗ್ಗರಣೆ ಇಲ್ಲದ ಸಾರಿನ ಹಾಗೆ. ಓದಲು ಬರದ ಅತ್ತೆ ದಿನಾ ಸೆರಗಿನಿಂದ ಆ ಅಕ್ಷರಗಳ ಧೂಳು ಒರೆಸುತ್ತಿದ್ದರು.

ಹುದ್ದೆಯ ಕಡತ ಶಿವಮೊಗ್ಗಕ್ಕೆ ಹೋಯಿತು. ಸ್ವಲ್ಪ ಕಾಲ ಕಳೆದ ಮೇಲೆ ಹೆಡ್ ಮಾಸ್ಟರು ನನ್ನನ್ನು ಒಳಗೆ ಕರೆದು, ಕುರ್ಚಿ ತೋರಿಸಿ, ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತಾ ಕೂತರು. ಆ ಬಿ.ಎಡ್.ಗೆ ಇಲ್ಲಿ ಮಾನ್ಯತೆ ಇಲ್ಲವಂತೆ. ಶಿಕ್ಷಕರ ತರಬೇತಿಗೆ ಬೇಕಾದ ಅನುಮತಿಯೇ ಆ ವಿಶ್ವವಿದ್ಯಾಲಯಕ್ಕೆ ಇರಲಿಲ್ಲವಂತೆ. ಖಾಯಂ ಹುದ್ದೆಗೆ ಬೇರೆಯವರು ಬರುತ್ತಾರೆ, ನಾನು ಬೇಕಾದರೆ ಕೆಳಗಿನ ಪ್ರೈಮರಿ ವಿಭಾಗದಲ್ಲಿ ಐದನೇ ಕ್ಲಾಸಿಗೆ ಹೇಳಬಹುದು. ಅವರು ಕೆಟ್ಟವರಲ್ಲ. ಹೇಳುವಾಗ ಅವರ ಮುಖ ಸಣ್ಣಗಾಗಿತ್ತು.

ನಾನು ಹತ್ತನೇ ಕ್ಲಾಸಿನ ಚಾಕ್ ಪೀಸಿನ ಡಬ್ಬಿ ತೆಗೆದುಕೊಂಡು ಐದನೇ ಕ್ಲಾಸಿಗೆ ಇಳಿದೆ. ಐದನೇ ಕ್ಲಾಸಿನ ಮಕ್ಕಳೇನು ಕಡಿಮೆಯಲ್ಲ. ಆದರೆ ನನಗೆ ಬೇಕಾದದ್ದು ಆ ಹಳಗನ್ನಡ, ತಲೆ ಬಗ್ಗಿಸಿದ ಆ ಮಕ್ಕಳು ತಲೆ ಎತ್ತುವ ಆ ಗಳಿಗೆ. ಅದು ಹೋಯಿತು. ಮೇಲಿನ ಮಹಡಿಯಿಂದ ಹೊಸಬರು ಪದ್ಯ ಓದುವುದು ಕೆಳಗೆ ಕೇಳುತ್ತಿತ್ತು. ಒಮ್ಮೊಮ್ಮೆ ತಪ್ಪಾಗಿ ಬಿಡಿಸುತ್ತಿದ್ದರು, ನಾನು ಐದನೇ ಕ್ಲಾಸಿನಲ್ಲಿ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ.

ಮುಂದಿನ ಭಾನುವಾರವೇ ಬಸ್ಸು ಹತ್ತಿ ಕೋಟೆಗೆ ಹೋದೆ. ಡೈರೆಕ್ಟರಿಗೆ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಆಶ್ಚರ್ಯ. ಕಾಫಿ ತರಿಸಲೇ ಎಂದು ಕೇಳಿ, ನಾನು ಬೇಡ ಎಂದ ಮೇಲೆ ತಣ್ಣಗೆ ಹೇಳಿದರು: "ನೋಡಿ ತಾಯಿ, ನಾವು ಡಿಗ್ರಿ ಕೊಡ್ತೀವಿ ಅಂದ್ವಿ, ಕೊಟ್ವಿ. ಕೆಲಸ ಕೊಡಿಸ್ತೀವಿ ಅಂತ ಎಲ್ಲಾದ್ರೂ ಹೇಳಿದ್ವಾ?"

ಅವರ ಮೇಜಿನ ಮೇಲೆ ಹೊಸ ವರ್ಷದ ಅಡ್ಮಿಷನ್ನಿನ ಕರಪತ್ರಗಳ ಕಟ್ಟು ಇತ್ತು. ಮೇಲಿನ ಹಾಳೆಯಲ್ಲಿ ಗೌನು ತೊಟ್ಟು, ಟೋಪಿ ಇಟ್ಟುಕೊಂಡು, ಹಲ್ಲು ಬಿಟ್ಟು ನಗುತ್ತಿದ್ದವಳು ನಾನೇ. ಕೆಳಗೆ, ನೀವೂ ಶಿಕ್ಷಕರಾಗಿ ಎಂದು ಅಚ್ಚಾಗಿತ್ತು. ಇದನ್ನು ತೆಗೆಯಿರಿ ಎಂದೆ. ಅಚ್ಚಾಗಿಹೋಗಿದೆಯಲ್ಲ, ಮುಂದಿನ ಸಲ ನೋಡೋಣ, ನಿಮ್ಮ ಮುಖ ಲಕ್ಷಣವಾಗಿ ಬಂದಿದೆ ಎಂದರು. ಮುಂದಿನ ಸಲವೂ ನಾನೇ ಇದ್ದೆ. ಅದರ ಮುಂದಿನ ಸಲವೂ. ಭದ್ರಾವತಿಯ ಬಸ್ ಸ್ಟ್ಯಾಂಡಿನ ಕಂಬಕ್ಕೆ ನನ್ನನ್ನು ಮೈದಾ ಅಂಟಿನಲ್ಲಿ ಅಂಟಿಸಿದ್ದರು. ವಕೀಲರನ್ನು ಕೇಳೋಣ ಎಂದು ಯಜಮಾನರು ಅಂದರು, ಕೋರ್ಟು ಮೆಟ್ಟಿಲು ಹತ್ತುವುದು ನಮ್ಮಂಥವರಿಗೆ ಅಲ್ಲ ಎಂದೂ ಅವರೇ ಅಂದರು. ಕಳ್ಳತನ ಮಾಡಿದವನು ಕದ್ದ ಮನೆಯವರ ಮುಖವನ್ನೇ ಅಂಗಡಿಯ ಬೋರ್ಡಿಗೆ ಹಾಕಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೇಟಿನ ಬೋರ್ಡಿನಿಂದ ಬಿ.ಎಡ್. ಕೆರೆಯಲು ನಾನು ಚಾಕು ಹಿಡಿದುಕೊಂಡು ಹೋದಾಗ ಅತ್ತೆ ಬಿಡಲಿಲ್ಲ. ನಾನು ಹಿಂದೆ ಕೂತು ನೋಡಿದೀನಲ್ಲ, ಆ ಒಂದು ಪಾಠದ್ದಾದರೂ ಇರಲಿ ಎಂದರು. ನಾನು ಚಾಕು ಒಳಗಿಟ್ಟೆ.

ಕೆಲವು ವರ್ಷ ಹೀಗೇ ಹೋಯಿತು. ಈ ಮಧ್ಯೆ ಡೈರೆಕ್ಟರು ಕೋಟೆಯ ಮಹಡಿ ಬಿಟ್ಟು ವಿನೋಬನಗರದಲ್ಲಿ ಸ್ವಂತ ಕಟ್ಟಡ ಕಟ್ಟಿದರು. ಹೆಸರಿನ ಹಿಂದೆ ಡಾಕ್ಟರ್ ಬಂತು. ಅಂಚೆಯೂ ಬೇಡ, ಭಾನುವಾರವೂ ಬೇಡ, ಕಂಪ್ಯೂಟರಿನಲ್ಲೇ ಪಾಠ, ಕಂಪ್ಯೂಟರಿನಲ್ಲೇ ಪರೀಕ್ಷೆ, ಆನ್‌ಲೈನ್ ಡಿಗ್ರಿ ಎಂದು ಬ್ಯಾನರು ಕಟ್ಟಿದರು. ಕಂಪ್ಯೂಟರಿನ ಮೇಲೆ ನನಗೆ ಹಗೆ ಇಲ್ಲ. ಒರಟು ಕಾಗದದಲ್ಲಿ ಬಂದ ಪಾಠ ನನ್ನನ್ನು ಓದಿಸಿತು, ಕಂಪ್ಯೂಟರಿನಲ್ಲಿ ಬರುವ ಪಾಠವೂ ಯಾರನ್ನಾದರೂ ಓದಿಸಬಹುದು. ಮಾರುವವರು ಅವರೇ ಆಗಿದ್ದರು ಎನ್ನುವುದು ನನ್ನ ಹೊಟ್ಟೆಯುರಿ.

ನಮ್ಮ ಶಾಲೆಯ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿ ಯಾರೆಂದು ಕೇಳಿದರೆ, ಶಾಲೆಗೆ ಬೆಂಚು ಕೊಡಿಸಲು ಒಪ್ಪಿರುವ ಶಿಕ್ಷಣಪ್ರೇಮಿ ಎಂದರು. ಅದು ಇದೇ ಡೈರೆಕ್ಟರು. ನಮ್ಮ ಕಡೆ ಸಮಾರಂಭ ಎಂದರೆ ಅದಕ್ಕೊಂದು ಕ್ರಮ ಉಂಟು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿ ಪರಿಚಯ, ಆಮೇಲೆ ಭಾಷಣ. ಅತಿಥಿ ಪರಿಚಯ ಯಾವಾಗಲೂ ಕನ್ನಡದವರ ತಲೆಗೆ, ಅದರಲ್ಲೂ ಧ್ವನಿ ಚೆನ್ನಾಗಿದೆ ಎಂದು ನನ್ನ ತಲೆಗೆ. ಐದನೇ ಕ್ಲಾಸಿಗೆ ಇಳಿದ ಮೇಲೂ ಆ ಕೆಲಸ ಮಾತ್ರ ನನ್ನಿಂದ ಇಳಿದಿರಲಿಲ್ಲ. ಅತಿಥಿಯ ಸಾಧನೆಗಳನ್ನು ಬರೆದ ಹಾಳೆಯನ್ನು ಹೆಡ್ ಮಾಸ್ಟರು ಹಿಂದಿನ ದಿನವೇ ಕೊಟ್ಟರು. ಬೇರೆ ಯಾರಿಗಾದರೂ ಕೊಡಿ ಸಾರ್ ಎಂದೆ. ಬೆಂಚಿನ ವಿಷಯ ಮೇಡಂ, ಸ್ವಲ್ಪ ಸಹಿಸಿಕೊಳ್ಳಿ ಎಂದರು.

ಸಹಿಸಿಕೊಳ್ಳುವುದು ಬೇಡ ಎಂದು ನಾನು ಅಡುಗೆಮನೆಯಲ್ಲೇ ನಿರ್ಧಾರ ಮಾಡಿದೆ. ಇಷ್ಟು ವರ್ಷ ಮಾತಾಡಲು ಜಾಗ ಇರಲಿಲ್ಲ. ಈಗ ಅವರೇ ಮೈಕು ಕೊಡುತ್ತಿದ್ದಾರೆ, ಮುಂದೆ ಇಡೀ ಊರಿನ ತಂದೆತಾಯಿಗಳು ಕೂತಿರುತ್ತಾರೆ. ಇರುವುದನ್ನು ಇರುವ ಹಾಗೆ ಹೇಳಿಬಿಡುತ್ತೇನೆ. ಈ ಕೆಲಸವೂ ಹೋದರೆ ಹೋಗಲಿ.

ಶಾಲೆಯ ಮೈದಾನದಲ್ಲಿ ಶಾಮಿಯಾನ. ವೇದಿಕೆಯ ಬದಿಯಲ್ಲಿ ಕುಣಿತಕ್ಕೆ ಸಿಂಗರಿಸಿಕೊಂಡ ಮಕ್ಕಳು. ಅತ್ತೆ ಹೆಂಗಸರ ಕಡೆ ಮೊದಲ ಸಾಲಿನಲ್ಲಿ. ನನ್ನ ಸರದಿ ಬಂದಾಗ ಹಾಳೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡು ಮೈಕಿನ ಮುಂದೆ ನಿಂತೆ. "ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯರೇ, ಇಂದಿನ ಮುಖ್ಯ ಅತಿಥಿಗಳ ಶಿಷ್ಯೆ ನಾನು" ಎಂದು ಶುರು ಮಾಡಿದೆ. ಚಪ್ಪಾಳೆ ಬಿತ್ತು. ಅವರ ಕೇಂದ್ರದಲ್ಲಿ ನಾನು ಬಿ.ಎಡ್. ಪದವಿ ಪಡೆದೆ ಎಂದೆ. ಅಲ್ಲಿ ನನಗೆ ಬೋಧಿಸಿದವರು ಯಾರೂ ಇಲ್ಲ, ನನ್ನ ಬೋಧನೆಯನ್ನು ಅವಲೋಕಿಸಿದವರೂ ಇಲ್ಲ ಎಂದೆ. ಆ ಪದವಿಗೆ ಮಾನ್ಯತೆ ಇಲ್ಲವೆಂದು ಇಲಾಖೆ ತಿಳಿಸಿದ ತರುವಾಯವೂ ನನ್ನ ಭಾವಚಿತ್ರವನ್ನು ತಮ್ಮ ಕರಪತ್ರದಲ್ಲಿ ಇಂದಿನವರೆಗೂ ಪ್ರಕಟಿಸುತ್ತಿದ್ದಾರೆ, ಆ ಪದವಿಯ ಕಾರಣದಿಂದ ನಾನು ಹತ್ತನೇ ತರಗತಿಯನ್ನು ಕಳೆದುಕೊಂಡೆ ಎಂದೆ. ಒಂದು ಸುಳ್ಳಿಲ್ಲ, ಒಂದು ಬೈಗುಳವಿಲ್ಲ. ಉಸಿರು ತೆಗೆದುಕೊಳ್ಳಲು ನಿಂತೆ.

ಮತ್ತೆ ಚಪ್ಪಾಳೆ. ಜೋರಾಗಿ, ಮನಸಾರೆ. ಅತಿಥಿ ಪರಿಚಯ ಮಾಡುವವರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಚಪ್ಪಾಳೆ ಹೊಡೆಯುವುದು ನಮ್ಮ ಜನರ ಕೈಗೆ ಅಂಟಿದ ಅಭ್ಯಾಸ, ಕಿವಿಗೆ ಅದರಲ್ಲಿ ಕೆಲಸವಿಲ್ಲ. ತಂದೆತಾಯಿಗಳು ತಮ್ಮ ಮಕ್ಕಳು ಯಾವ ಬಣ್ಣದ ಬಟ್ಟೆ ಹಾಕಿದ್ದಾರೆಂದು ಹುಡುಕುತ್ತಿದ್ದರು. ಹೆಡ್ ಮಾಸ್ಟರು ಮಾತ್ರ ಬಿಳುಚಿಕೊಂಡಿದ್ದರು. ಅತಿಥಿಗಳು ಎದ್ದು ಕೈ ಮುಗಿದು ಭಾಷಣ ಶುರು ಮಾಡಿದರು. ಅವರಿಗೆ ಪ್ರತಿಯೊಂದು ಮಾತೂ ಅರ್ಥವಾಗಿತ್ತು, ಕಣ್ಣಿನಲ್ಲಿ ಕಂಡೆ. ಆದರೂ ನಗುತ್ತಾ, ಇಂಥ ಅಭಿಮಾನದ ಶಿಷ್ಯೆ ನಮ್ಮ ಸಂಸ್ಥೆಯ ಹೆಮ್ಮೆ ಎಂದರು. ಅದಕ್ಕೂ ಚಪ್ಪಾಳೆ. ಇಡೀ ಶಾಮಿಯಾನದಲ್ಲಿ ಕೈ ಕಟ್ಟಿಕೊಂಡು ಕೂತಿದ್ದವರು ಅತ್ತೆ ಒಬ್ಬರೇ.

ಕಾರ್ಯಕ್ರಮ ಮುಗಿದು ಮಂಡಕ್ಕಿ ಖಾರ ಹಂಚುತ್ತಿದ್ದಾಗ ಒಬ್ಬರು ನನ್ನ ಹತ್ತಿರ ಬಂದರು. ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸದವರು, ಅವರ ಕಿರಿಯ ಮಗ ನನ್ನ ಕ್ಲಾಸಿನಲ್ಲಿದ್ದ. ದೊಡ್ಡ ಮಗಳು ಬಿ.ಎ. ಮುಗಿಸಿದ್ದಾಳೆ, ಟೀಚರ್ ಆಗಬೇಕು ಅಂತಾಳೆ ಎಂದು ಶುರು ಮಾಡಿ, "ನೀವು ಅಷ್ಟು ಚೆನ್ನಾಗಿ ಹೇಳಿದ್ರಲ್ಲ ಮೇಡಂ, ಆ ಸಾರ್ ಹತ್ರಾನೇ ಸೇರಿಸೋಣ ಅಂತ. ಸ್ವಲ್ಪ ಹೇಳಿ ಕೊಡ್ತೀರಾ?" ಎಂದರು.

ನನಗೆ ಕಿರುಚಬೇಕು ಅನ್ನಿಸಿತು. ಅವರನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಅವಲೋಕನ, ತರುವಾಯ ಎನ್ನುವ ಮಾತೆಲ್ಲ ಬಿಟ್ಟು, ನಮ್ಮ ಬೀದಿಯ ಮಾತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಗೈಡು, ಸೀಲು, ಗೌನು, ಐದನೇ ಕ್ಲಾಸು. ಅವರ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಹಾಗೇ ಉಳಿಯಿತು. ಕೊನೆಗೆ ಮೆಲ್ಲಗೆ ಹೇಳಿದರು: "ಮತ್ತೆ ಮೈಕಲ್ಲಿ ಹೊಗಳೋ ರಾಗದಲ್ಲೇ ಹೇಳಿದ್ರಲ್ಲ ಮೇಡಂ. ಬೈಯೋದಿದ್ರೆ ಬೈಯೋ ಹಾಗೆ ಬೈಬೇಕಿತ್ತು, ನಮ್ಮಂಥೋರಿಗೆ ತಿಳಿಯೋ ಹಾಗೆ."

ಆ ಮಾತು ನನ್ನ ಎದೆಗೆ ನಾಟಿತು. ಇಷ್ಟು ವರ್ಷ ಕಾದು, ಕೆಲಸ ಹೋದರೂ ಹೋಗಲಿ ಎಂದು ಗಟ್ಟಿ ಮಾಡಿಕೊಂಡು ಹೇಳಿದ ಸತ್ಯವನ್ನು ನಾನು ವೇದಿಕೆಯ ರಾಗಕ್ಕೆ ಹಾಕಿಬಿಟ್ಟಿದ್ದೆ. ಆ ಕನ್ನಡ ಅಂಥವರನ್ನು ಹೊಗಳಲೆಂದೇ ಸವೆದು ನುಣುಪಾಗಿದೆ, ಅದರಲ್ಲಿ ಏನು ಹೇಳಿದರೂ ಜಾರುತ್ತದೆ. ಆ ರಾಗ ನನಗೆ ಬೇರೆ ಯಾವ ರಾಗಕ್ಕಿಂತ ಚೆನ್ನಾಗಿ ಬರುತ್ತಿತ್ತು ಎನ್ನುವುದೇ ನನ್ನ ಸಿಟ್ಟನ್ನು ಇಮ್ಮಡಿ ಮಾಡಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮಾರನೇ ದಿನ ಬೋರ್ಡು ಬರೆಯುವವನನ್ನು ಮತ್ತೆ ಕರೆಸಿದರು. ನನ್ನ ಹೆಸರಿನ ಮುಂದಿನ ಬಿ.ಎಡ್.ಗೆ ಅಡ್ಡಗೆರೆ ಎಳೆಸಿ, ಕೆಳಗೆ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆಸಿದರು: ಬಿ.ಎಡ್. ಸೇರೋ ಮುಂಚೆ ಈ ಮನೇಲಿ ಕೇಳ್ಕೊಂಡು ಹೋಗಿ. ಆಡುಮಾತಿನಲ್ಲಿ ಬರೆಯುವುದಿಲ್ಲ, ಪುಸ್ತಕದ ಕನ್ನಡದಲ್ಲಿ ಬರೆಯುತ್ತೇನೆ ಎಂದು ಅವನು ವಾದ ಮಾಡಿದ. ಅತ್ತೆ ತಾವು ಹೇಳಿದ ಹಾಗೇ ಬರೆಸಿದರು. ನಮ್ಮ ಜಗಲಿಗೆ ಜನ ಬರತೊಡಗಿದರು, ಹೆಚ್ಚಿನವರು ಹೆಂಗಸರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಅವರಿಗೆ ತಮ್ಮ ಒಂದೇ ಪ್ರಶ್ನೆ ಕೇಳಿ ಮುಗಿಸಿರುತ್ತಿದ್ದರು. ನೀನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರು ಕೂತು ನೋಡುತ್ತಾರಂತೆ ಕೇಳಿಕೊಂಡು ಬಾ, ಆಮೇಲೆ ದುಡ್ಡು ಕಟ್ಟು.

ನನ್ನ ಕೆಲಸ ಹೋಗಲಿಲ್ಲ. ಬೆಂಚುಗಳು ಬರಲಿಲ್ಲ. ಅತಿಥಿ ಪರಿಚಯ ಮಾತ್ರ ಬೇರೆಯವರಿಗೆ ಹೋಯಿತು. ಹತ್ತನೇ ಕ್ಲಾಸು ನನಗೆ ಮತ್ತೆ ಸಿಗಲೇ ಇಲ್ಲ, ರೆಗ್ಯುಲರ್ ಬಿ.ಎಡ್. ಮಾಡುವ ಕಾಲ ಮೀರಿತ್ತು.

ಆ ಕಂಟ್ರಾಕ್ಟ್ ಕೆಲಸದವರ ಮಗಳು ಶಿವಮೊಗ್ಗದ ಕಾಲೇಜಿನಲ್ಲಿ ಹಗಲು ಬಿ.ಎಡ್. ಸೇರಿದಳು. ಅಭ್ಯಾಸ ಪಾಠಕ್ಕೆ ನಮ್ಮ ಶಾಲೆಯನ್ನೇ ಕೇಳಿಕೊಂಡು ಬಂದಳು. ಹತ್ತನೇ ಕ್ಲಾಸು, ಹಳಗನ್ನಡ. ಅವಳ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ, ಬನ್ನಿ ಮೇಡಂ ಎಂದು ಸರಿದು ಜಾಗ ಕೊಟ್ಟರು. ಅಷ್ಟು ವರ್ಷಗಳ ಮೇಲೆ ಆ ಕೋಣೆಗೆ ಕಾಲಿಟ್ಟೆ. ಹುಡುಗಿಯ ಚಾರ್ಟು ಒಮ್ಮೆ ಜಾರಿ ಬಿತ್ತು. ಪದ್ಯವನ್ನು ಮಾತ್ರ ಸರಿಯಾಗಿ ಬಿಡಿಸಿದಳು.

ಮುಗಿದ ಮೇಲೆ ಅವಳು ಮೇಷ್ಟ್ರ ಹತ್ತಿರ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. ಚೆನ್ನಾಗಿ ಹೇಳ್ತೀಯ, ಆದ್ರೆ ಗೋಡೆ ಕಡೆ ಮಕ್ಕಳನ್ನೂ ನೋಡು ಎಂದೆ. ಅವಳು ಅದನ್ನು ಬರೆದುಕೊಂಡಳು. ಎಲ್ಲರೂ ಹೋದ ಮೇಲೆ ನಾನು ಏಳಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ. ನನ್ನ ಪಾಠದ ದಿನ ಈ ಬೆಂಚಿನಲ್ಲಿ ಯಾರನ್ನಾದರೂ ಕೂರಿಸಬೇಕಾಗಿದ್ದವರು ಅದಕ್ಕೆ ದುಡ್ಡು ಇಸಕೊಂಡಿದ್ದರು.